ಸೌದೆ ಕೊಯ್ಯುವ ಮೆಷಿನು: ಕೊಳ್ಳುವ ಮುನ್ನ ಲೆಕ್ಕ ಪೂರ್ತಿ ಮಾಡಿರಿ



ಕ್ರಿಸ್ಮಸ್ ಕಳೆದು ಮೂರು ರಾಯರ ಹಬ್ಬ ಮುಗಿಯಿತೆಂದರೆ ಕಾಸರಗೋಡಿನ ಈ ಉತ್ತರ ಭಾಗದ ನಮ್ಮ ಮನೆಗಳಲ್ಲಿ ಮುಂದಿನ ಮಳೆಗಾಲದ ಸೌದೆಯ ಚಿಂತೆ ಮೊದಲಾಗುತ್ತದೆ. ಅಡಿಗೆ ಕೋಣೆಗೆ ಗ್ಯಾಸು ಬಂದು ಎಷ್ಟೋ ವರ್ಷಗಳಾದರೂ ಸೌದೆಯನ್ನು ಪೂರ್ತಿ ಬಿಟ್ಟ ಕೃಷಿಕರ ಮನೆ ಕಡಿಮೆ. ಬಚ್ಚಲಿನ ಹಂಡೆಗೆ ಬೇಕು, ಕುಚ್ಚಲಕ್ಕಿ ಗಂಜಿಗೆ ಬೇಕು, ಹಂದಿ ಸಾಕುವವರಿಗೆ ಅದರ ತಿನಿಸು ಬೇಯಿಸಲು ಬೇಕು, ರಬ್ಬರ್ ಇರುವವರಿಗೆ ಶೀಟು ಒಣಗಿಸುವ ಹೊಗೆಗೂಡಿಗೆ ಬೇಕು. ತೆಂಗಿನ ಮಡಲು, ಗೆರಟೆ, ಅಡಿಕೆಯ ಹಾಳೆ ಎಷ್ಟಿದ್ದರೂ ಆಟಿ ತಿಂಗಳ ಮಳೆಗೆ ಗಟ್ಟಿ ಕಟ್ಟಿಗೆಯೇ ಆಗಬೇಕು.

ಹಿಂದೆ ಕೊಡಲಿ ಹಿಡಿದು ಬಂದು ಅಂಗಳದಲ್ಲಿ ಸೌದೆ ಒಟ್ಟಿ ಹೋಗುತ್ತಿದ್ದವರು ಈಗ ಮುದುಕರಾಗಿದ್ದಾರೆ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಗುಡ್ಡೆಯಲ್ಲಿ ಮುದಿ ಗೇರು ಮರ, ಗಾಳಿಗೆ ಬಿದ್ದ ಹಲಸು, ಹಾಲು ಬತ್ತಿದ ರಬ್ಬರ್, ಅಕೇಶಿಯಾ ಇವೆಲ್ಲ ಬಿದ್ದಲ್ಲೇ ಗೆದ್ದಲು ಹಿಡಿಯುತ್ತವೆ. ಆದ್ದರಿಂದ ಮರ ಕೊಯ್ಯುವ ಮೆಷಿನು, ಅಂದರೆ ಚೈನ್‌ಸಾ, ಮನೆಮನೆಗೆ ಬರತೊಡಗಿದೆ. ಬರಬಾರದೆಂದು ನಾವು ಹೇಳುವುದಿಲ್ಲ. ಒಬ್ಬನು ದಿನವಿಡೀ ಕೊಡಲಿ ಬೀಸಿ ಮಾಡುವ ಕೆಲಸವನ್ನು ಅದು ಒಂದು ಹೊತ್ತಿನಲ್ಲಿ ಮುಗಿಸುತ್ತದೆ. ಆದರೆ ಅದನ್ನು ಆರಿಸುವ ರೀತಿ ಸರಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಂಗಡಿಗೆ ಹೋಗಿ "ಹೆಚ್ಚು ಶಕ್ತಿಯದ್ದು ಯಾವುದು, ಕಡಿಮೆ ಬೆಲೆಯದ್ದು ಯಾವುದು" ಎಂದು ಎರಡೇ ಪ್ರಶ್ನೆ ಕೇಳಿ ತರುತ್ತೇವೆ. ಕೇಳಬೇಕಾದ ಪ್ರಶ್ನೆಗಳು ಬೇರೆ.

ನಮ್ಮ ಮಾತು ಇಷ್ಟೇ: ಮನೆಯ ಸೌದೆಗೆ ಕೆಲಸ ಸಾಗುವಷ್ಟು ಸಣ್ಣ ಮೆಷಿನು ಸಾಕು. ಅದರ ಜತೆಗೆ ತಲೆ, ಕಣ್ಣು, ಕಿವಿ, ಕಾಲು ಕಾಯುವ ಸಾಮಾನನ್ನೂ ಅದೇ ದಿನ, ಅದೇ ಲೆಕ್ಕದಲ್ಲಿ ಕೊಳ್ಳಬೇಕು. ಅಷ್ಟಕ್ಕೆ ಹಣ ಹೊಂದದಿದ್ದರೆ ಮೆಷಿನು ಕೊಳ್ಳಬಾರದು, ಗೊತ್ತಿದ್ದವರನ್ನು ಕರೆಸಿ ಕೊಯ್ಯಿಸಬೇಕು.

ಮೊದಲು ಕೇಳಿಕೊಳ್ಳಿ: ನಮಗೆ ಬೇಕೇ?

ವರ್ಷಕ್ಕೆ ಎಷ್ಟು ದಿನ ಮೆಷಿನು ಓಡಬೇಕು ಎಂದು ಬೆರಳು ಮಡಿಸಿ ಎಣಿಸಿರಿ. ಒಂದು ಬಚ್ಚಲು ಒಲೆ ಮಾತ್ರ ಇರುವ ಮನೆಗೆ ಎರಡು ಮೂರು ದಿನದ ಕೆಲಸ ಇದ್ದೀತು. ಅಷ್ಟಕ್ಕಾಗಿ ಮೆಷಿನು ಕೊಂಡರೆ ಉಳಿದ ದಿನವೆಲ್ಲ ಅದು ಅಟ್ಟದಲ್ಲಿ ಮಲಗುತ್ತದೆ. ಪೆಟ್ರೋಲ್ ಯಂತ್ರ ಮಲಗಿದಷ್ಟೂ ಕೆಡುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರ ವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಟ್ಯಾಂಕಿಯಲ್ಲೇ ಬಿಟ್ಟ ಪೆಟ್ರೋಲು ಕಾರ್ಬೊರೇಟರನ್ನು ಹಾಳು ಮಾಡಿ, ಬೇಕಾದ ದಿನ ಎಷ್ಟು ಹಗ್ಗ ಎಳೆದರೂ ಮೆಷಿನು ಏಳುವುದಿಲ್ಲ.

ಇಂಥ ಮನೆಯವರು ಬಾಡಿಗೆಗೆ ಕೊಯ್ಯುವವರನ್ನು ಕರೆಸುವುದೇ ಲಾಭ. ಇಲ್ಲವೇ ನೆರೆಹೊರೆಯ ನಾಲ್ಕೈದು ಮನೆಯವರು ಸೇರಿ ಒಂದು ಕೊಳ್ಳಬಹುದು. ನೇಜಿಗೂ ಕೊಯ್ಲಿಗೂ ನಮ್ಮ ಹಿರಿಯರು ಮುಯ್ಯಾಳು ಮಾಡಿಕೊಂಡವರೇ ಅಲ್ಲವೇ? ಆದರೆ ಒಂದು ಷರತ್ತು. ಮೆಷಿನು ಐದು ಮನೆಗೆ ತಿರುಗಲಿ, ಹಿಡಿಯುವ ಕೈ ಒಂದೇ ಇರಲಿ. ಆ ಐದು ಮನೆಗಳಲ್ಲಿ ತಾಳ್ಮೆ ಇರುವ ಒಬ್ಬರು ಸರಿಯಾಗಿ ಕಲಿತು ಎಲ್ಲರಿಗೂ ಕೊಯ್ದು ಕೊಡಲಿ, ಉಳಿದವರು ಒಡೆಯಲು, ಹೊರಲು, ಒಟ್ಟಲು ಕೂಡಿಕೊಳ್ಳಲಿ. ಹತ್ತು ಕೈ ಹಿಡಿದ ಗರಗಸ ಬೇಗ ಕೆಡುತ್ತದೆ. ಕೆಟ್ಟಾಗ ಯಾರ ತಪ್ಪೆಂದು ಜಗಳವೂ ಆಗುತ್ತದೆ.

ದೊಡ್ಡ ತೋಟ, ರಬ್ಬರ್ ಹೊಗೆಗೂಡು ಇದ್ದು ವಾರಕ್ಕೊಮ್ಮೆ ಸೌದೆ ಕೊಯ್ಯಬೇಕಾದವರು ಸ್ವಂತಕ್ಕೆ ಕೊಳ್ಳಲಿ.

ಎಷ್ಟು ದೊಡ್ಡದು ಬೇಕು?

ಮೆಷಿನಿನ ದೊಡ್ಡತನವನ್ನು ಎರಡು ಲೆಕ್ಕದಲ್ಲಿ ಹೇಳುತ್ತಾರೆ. ಒಂದು, ಎಂಜಿನಿನ ಸಿ.ಸಿ. ಇನ್ನೊಂದು, ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ, ಅಂದರೆ ಬಾರ್‌ನ, ಇಂಚು.

ನಾವು ಸೌದೆಗೆ ಕೊಯ್ಯುವ ಮರ ಹೆಚ್ಚಾಗಿ ಒಂದು ಅಡಿಯೊಳಗಿನ ದಪ್ಪದ್ದು. ಬಾರ್ ಮರದ ದಪ್ಪಕ್ಕಿಂತ ಸ್ವಲ್ಪ ಉದ್ದ ಇದ್ದರೆ ಸಾಕು. ಹಾಗಾಗಿ 14 ಇಂಚು, ಹೆಚ್ಚೆಂದರೆ 16 ಇಂಚಿನ ಬಾರ್, 30ರಿಂದ 40 ಸಿ.ಸಿ.ಯ ಎಂಜಿನು ಮನೆಗೆ ಧಾರಾಳ. ಎಂಜಿನಿನ ಭಾಗ ಮಾತ್ರ ಸುಮಾರು ನಾಲ್ಕರಿಂದ ಐದು ಕಿಲೋ ತೂಗುವ ಇಂಥದ್ದನ್ನು ಮಧ್ಯವಯಸ್ಸಿನವರೂ ಅರ್ಧ ದಿನ ಹಿಡಿಯಬಲ್ಲರು.

ಈಗ ಪೇಟೆಯಲ್ಲಿ 58 ಸಿ.ಸಿ., 22 ಇಂಚು ಎಂದು ಬರೆದ ಹೆಸರಿಲ್ಲದ ಮೆಷಿನುಗಳು ಒಳ್ಳೆಯ ಕಂಪೆನಿಯ ಸಣ್ಣ ಮೆಷಿನಿಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ. ನೋಡಿದವರಿಗೆ ಆಸೆಯಾಗುವುದು ಸಹಜ. ಆದರೆ ಯೋಚಿಸಿರಿ. ಬಾರ್ ಉದ್ದವಾದಷ್ಟೂ ಅದರ ತುದಿ ನಮ್ಮ ಕಣ್ಣಿನ ಅಳತೆಯಿಂದ ದೂರ ಹೋಗುತ್ತದೆ, ಮರದ ಆಚೆ ಬದಿಯ ಕಲ್ಲಿಗೋ ಇನ್ನೊಂದು ಗೆಲ್ಲಿಗೋ ತಾಗುತ್ತದೆ. ಭಾರ ಹೆಚ್ಚಿದಷ್ಟೂ ಕೈ ಬೇಗ ಸೋಲುತ್ತದೆ. ಸೋತ ಕೈಯಲ್ಲೇ ಅನಾಹುತ. ಕಾಡಿನಲ್ಲಿ ದಿನವಿಡೀ ದಿಮ್ಮಿ ಕೊಯ್ಯುವವರ ಆಯುಧ ನಮ್ಮ ಬಚ್ಚಲಿನ ಸೌದೆಗೆ ಯಾಕೆ?

ಮನೆಯ ಅಂಗಳದಲ್ಲೇ ಕೊಯ್ಯುವವರಿಗೆ ಕರೆಂಟಿನ ಮೆಷಿನೂ ಇದೆ. ಪೆಟ್ರೋಲಿನ ಗೊಡವೆಯಿಲ್ಲ, ಹೊಗೆಯಿಲ್ಲ, ಸದ್ದು ಕಡಿಮೆ, ಸ್ವಿಚ್ಚು ಒತ್ತಿದರೆ ಹೊರಡುತ್ತದೆ. ಸುಮಾರು 2000 ವಾಟ್ ಎಳೆಯುವುದರಿಂದ ದೊಡ್ಡ ಪ್ಲಗ್ಗು, ದಪ್ಪ ವಯರು, ಶಾಕ್ ಹೊಡೆದರೆ ತಟ್ಟನೆ ಕರೆಂಟು ಕಡಿಯುವ ಇಎಲ್‌ಸಿಬಿ ಬೇಕು. ತೆಳ್ಳಗಿನ ಉದ್ದ ವಯರಿನಲ್ಲಿ ವೋಲ್ಟೇಜು ಇಳಿದು ಮೋಟಾರು ಸುಡುತ್ತದೆ. ಮಳೆಯಲ್ಲಿ, ಒದ್ದೆ ನೆಲದಲ್ಲಿ ಇದನ್ನು ಮುಟ್ಟಲೇಬಾರದು. ಗುಡ್ಡೆಯಿಂದ ಅಂಗಳಕ್ಕೆ ಮರ ತರಿಸಿಕೊಳ್ಳುವವರಿಗೆ ಇದು ಒಳ್ಳೆಯದೇ. ಬ್ಯಾಟರಿಯ ಸಣ್ಣ ಗರಗಸಗಳು ಗೆಲ್ಲು ಸವರಲು ಸಾಕು, ವರ್ಷದ ಸೌದೆಗೆ ಸಾಲವು.

ಒಂದು ವಿಷಯ ನೆನಪಿರಲಿ. ಚೈನ್‌ಸಾ ಇರುವುದು ಅಡ್ಡ ಕೊಯ್ಯಲು. ತುಂಡನ್ನು ಸೀಳುವ ಕೆಲಸ ಇಂದಿಗೂ ಕೊಡಲಿ, ಬೆಣೆಗಳದ್ದೇ. ಕೊಡಲಿಯನ್ನು ಗುಜರಿಗೆ ಹಾಕಬೇಡಿ.

ಅಂಗಡಿಯಲ್ಲಿ ನೋಡಬೇಕಾದದ್ದು

ಮುಂದಿನ ಹಿಡಿಕೆಯ ಎದುರು ಒಂದು ಅಡ್ಡ ಹಲಗೆ ಇರಬೇಕು. ಅದು ಸರಪಳಿಯ ಬ್ರೇಕು. ಮೆಷಿನು ಹಿಂದಕ್ಕೆ ಎಗರಿದಾಗ ಆ ಹಲಗೆ ಮುಂದಕ್ಕೆ ಹೋಗಿ ಸರಪಳಿ ತಟ್ಟನೆ ನಿಲ್ಲಬೇಕು. ಅಂಗಡಿಯವರಲ್ಲಿ ಮೆಷಿನು ಚಾಲು ಮಾಡಿಸಿ, ಬ್ರೇಕು ಹಾಕಿಸಿ, ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಿರಿ. ಹಿಂದಿನ ಹಿಡಿಕೆಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ವೇಗ ಏರುವಂತಿರಬೇಕು. ಸರಪಳಿ ತುಂಡಾದರೆ ಹಿಡಿಯುವ ಕೊಕ್ಕೆ ಕೆಳಗಿರಬೇಕು. ಹಿಡಿಕೆಗಳು ಎಂಜಿನಿಗೆ ನೇರ ಅಂಟಿರದೆ ರಬ್ಬರಿನ ಅಥವಾ ಸ್ಪ್ರಿಂಗಿನ ಆಸರೆಯಲ್ಲಿರಬೇಕು. ಇಲ್ಲದಿದ್ದರೆ ನಡುಕ ಕೈಗೆ ಏರುತ್ತದೆ. ವರ್ಷಗಟ್ಟಲೆ ಅಂಥ ನಡುಕ ತಿಂದ ಬೆರಳುಗಳು ತಂಪು ಹೊತ್ತಿನಲ್ಲಿ ಬಿಳಿಚಿ ಮರಗಟ್ಟುತ್ತವೆ, ಹಾಲು ಕರೆಯಲೂ ಗುಂಡಿ ಹಾಕಲೂ ಬರುವುದಿಲ್ಲ.

ಆಮೇಲೆ ಕೇಳಿರಿ: ಸರಪಳಿ, ಬಾರ್, ಸ್ಪ್ರಾಕೆಟ್ ಹಾಳಾದರೆ ಎಲ್ಲಿ ಸಿಗುತ್ತದೆ? ರಿಪೇರಿ ಯಾರು ಮಾಡುತ್ತಾರೆ? ಬದಿಯಡ್ಕ, ಉಪ್ಪಳ, ಕುಂಬಳೆ, ಹೆಚ್ಚೆಂದರೆ ಪುತ್ತೂರು ಅಥವಾ ಮಂಗಳೂರಿನಲ್ಲಿ ಸಿಗುವಂಥದ್ದನ್ನೇ ಕೊಳ್ಳಿರಿ. ಅಂಚೆಯಲ್ಲಿ ಡಬ್ಬಿ ಬಂದು ಬಿಡಿಭಾಗ ಎಲ್ಲೂ ಸಿಗದ ಮೆಷಿನು ಎಷ್ಟು ಅಗ್ಗವಾದರೂ ದುಬಾರಿಯೇ.

ಮೆಷಿನಿನ ಒದೆ

ಬಾರ್‌ನ ತುದಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದರೆ ಸರಪಳಿ ಕೊಯ್ಯುವ ಬದಲು ಅಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಓಡುವ ಸರಪಳಿಯ ಬಲವೆಲ್ಲ ತಿರುಗಿ ಇಡೀ ಬಾರನ್ನು ಮೇಲಕ್ಕೆ, ಹಿಂದಕ್ಕೆ, ಹಿಡಿದವನ ಮುಖ ಮತ್ತು ಕುತ್ತಿಗೆಯ ಕಡೆಗೆ ಎಸೆಯುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದನ್ನೇ, ಕತ್ತೆಯ ಒದೆಯ ಹಾಗೆ. ಸರಪಳಿ ಒಂದು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ರೆಪ್ಪೆ ಬಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ, "ಜಾಗ್ರತೆಯಾಗಿ ಹಿಡಿಯುತ್ತೇನೆ" ಎಂಬ ಧೈರ್ಯ ಅಲ್ಲಿ ನಡೆಯದು. ನಡೆಯುವುದು ನಾಲ್ಕೇ: ಎರಡೂ ಕೈಯಲ್ಲಿ ಹಿಡಿಯುವುದು, ಎಡಗೈಯ ಹೆಬ್ಬೆರಳನ್ನು ಹಿಡಿಕೆಯ ಕೆಳಗಿಂದ ಸುತ್ತುವುದು, ಬಾರ್‌ನ ನೇರಕ್ಕೆ ತಲೆ ಇಡದಿರುವುದು, ಕೆಲಸ ಮಾಡುವ ಬ್ರೇಕು.

ಏಣಿ ಹತ್ತಿ ಕೊಯ್ಯುವುದು, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯುವುದು, ಒಂದೇ ಕೈಯಲ್ಲಿ ಹಿಡಿದು ಗೆಲ್ಲು ಸವರುವುದು, ಈ ಮೂರನ್ನೂ ನಮ್ಮಲ್ಲಿ ಕಾಣುತ್ತೇವೆ. ಮೂರನ್ನೂ ಬಿಡಬೇಕು. ನಿಂತ ಮರ ಉರುಳಿಸುವುದು ಬೇರೆಯೇ ವಿದ್ಯೆ. ಸೌದೆ ಕೊಯ್ಯಲು ಬಂದ ಮಾತ್ರಕ್ಕೆ ಮರ ಬೀಳಿಸಲು ಬಂತೆಂದಲ್ಲ. ಅದನ್ನು ಬಲ್ಲವರಿಗೆ ಬಿಡಿರಿ, ಕರೆಂಟಿನ ತಂತಿಯ ಬಳಿಯ ಮರವಾದರೆ ವಿದ್ಯುತ್ ಕಚೇರಿಗೆ ತಿಳಿಸಿರಿ.

ಮಾಳಿಗೆಗೆ ಕಟ್ಟೆ, ಮೆಷಿನಿಗೆ ಕವಚ

ಬೈಬಲಿನ ಧರ್ಮೋಪದೇಶ ಕಾಂಡದ 22ನೇ ಅಧ್ಯಾಯದಲ್ಲಿ ಒಂದು ಸಣ್ಣ ಆಜ್ಞೆಯಿದೆ. ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತ ದೋಷ ಆ ಮನೆಗೆ ತಟ್ಟುತ್ತದೆ ಎಂದು. ಬೀಳುವವನು ಜಾಗ್ರತೆಯಾಗಿರಲಿ ಎಂದು ಅಲ್ಲಿ ಹೇಳಿಲ್ಲ. ಕಟ್ಟಿಸುವವನೇ ಗೋಡೆ ಕಟ್ಟಿಸಲಿ ಎಂದಿದೆ. ಅದೇ ಗ್ರಂಥದ 19ನೇ ಅಧ್ಯಾಯ ಮರ ಕಡಿಯಲು ಹೋದಾಗ ಕೊಡಲಿ ಕಾವಿನಿಂದ ಕಳಚಿ ಜತೆಗಾರನಿಗೆ ಬಡಿದು ಅವನು ಸತ್ತ ಸಂಗತಿಯನ್ನೂ ನೆನೆಯುತ್ತದೆ. ಸೌದೆ ಕಡಿಯುವವರ ಅಪಾಯ ಅಷ್ಟು ಹಳೆಯದು.

ಮೆಷಿನಿನ ಕೈಪಿಡಿ ಗೋಡೆ ಯಾವುದು? ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ ಇರುವ ಹೆಲ್ಮೆಟ್. ಕಣ್ಣಿಗೆ ಕನ್ನಡಕ. ತೊಡೆಯಿಂದ ಪಾದದ ಗಂಟಿನ ತನಕ ಕಟ್ಟುವ ಕಾಲುಕವಚ. ಬೆರಳ ತುದಿ ಗಟ್ಟಿಯಾದ ಬೂಟು. ಕೈಗವಸು. ಇದರಲ್ಲಿ ಕಾಲುಕವಚ ನಮ್ಮವರಿಗೆ ಹೊಸತು. ಅದರೊಳಗೆ ಉದ್ದನೆಯ ಗಟ್ಟಿ ನೂಲಿನ ಪದರಗಳಿವೆ. ಪೆಟ್ರೋಲ್ ಮೆಷಿನಿನ ಸರಪಳಿ ತಾಗಿದ ಕೂಡಲೇ ಆ ನೂಲು ಹೊರಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಸರಪಳಿಯನ್ನೇ ನಿಲ್ಲಿಸುತ್ತದೆ. ಗರಗಸ ಜಾರಿದರೆ ಹೆಚ್ಚಾಗಿ ತಾಗುವುದು ಕಾಲಿಗೆ ಮತ್ತು ಕೈಗೆ. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತು ಕೊಯ್ಯುವವನ ಕಾಲಿಗೂ ಸರಪಳಿಗೂ ನಡುವೆ ಏನಿದೆ?

ಕಿವಿಯ ಮಾತನ್ನೂ ಹೇಳಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ಆರೋಗ್ಯ ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲಿಗೆ ಬರುವಾಗ ಉಳಿಯುವುದು 15 ನಿಮಿಷ. ಪೆಟ್ರೋಲ್ ಚೈನ್‌ಸಾದ ಸದ್ದು 100ನ್ನು ದಾಟುತ್ತದೆ. ಹೋದ ಕಿವಿ ಮದ್ದಿಗೆ ಬರುವುದಿಲ್ಲ.

"ಈ ಸೆಕೆಯಲ್ಲಿ ಅದನ್ನೆಲ್ಲ ಹೇರಿಕೊಂಡು ಕೆಲಸ ಮಾಡಲಾಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಸೆಕೆ ನಿಜ. ಅದಕ್ಕೆ ಮದ್ದು ಬೆಳಿಗ್ಗೆ ಬೇಗ ಹೊರಡುವುದು, ಹತ್ತು ಗಂಟೆಗೆ ನಿಲ್ಲಿಸುವುದು, ನಡುನಡುವೆ ನೀರು ಮಜ್ಜಿಗೆ ಕುಡಿಯುವುದು. ಕವಚ ಕಳಚುವುದು ಮದ್ದಲ್ಲ. "ಇಷ್ಟು ಖರ್ಚು ಯಾಕೆ?" ಎನ್ನುವವರಿಗೆ ನಮ್ಮ ಉತ್ತರ: ನಮ್ಮಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಹೆಚ್ಚಾಗಿ ಮಂಗಳೂರಿಗೇ ಹೋಗಬೇಕು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿ ರೋಗಿಗಳ ವಾಹನ ತಡೆದಾಗ ಆ ದೂರ ಎಷ್ಟೆಂದು ನಮಗೆಲ್ಲ ತಿಳಿಯಿತು. ಇಂದು ದಾರಿ ತೆರೆದಿದ್ದರೂ ರಕ್ತ ಸುರಿಯುವ ತೊಡೆಗೆ ಆ ದೂರ ಕಡಿಮೆಯಾಗಿಲ್ಲ. ಆಸ್ಪತ್ರೆಯ ಖರ್ಚಿನ ಮೇಲೆ ತಿಂಗಳುಗಟ್ಟಲೆ ದುಡಿಮೆಯೂ ಹೋಗುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಮನೆಯ ಯಜಮಾನ ಮಲಗಿದರೆ ಆ ಸಂಸಾರದ ಗತಿ ನಿಮಗೇ ಗೊತ್ತು.

ಹುಡಿ ಬಂದರೆ ಮಸೆಯಿರಿ

ಇಂದಿನ ಗರಗಸದ ಸರಪಳಿಗೆ ಒಂದು ಹುಳುವೇ ಗುರು. ಅಮೇರಿಕದ ಒರೆಗಾನ್ ಎಂಬಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಎಂಬವರು 1946ರಲ್ಲಿ ಒಂದು ಮರ ಕೊರಕ ದುಂಬಿಯ ಮರಿಹುಳು ಗಟ್ಟಿ ಮರವನ್ನು ಸಲೀಸಾಗಿ ಕೊರೆಯುವುದನ್ನು ನೋಡಿದರು. ಅದರ ಎರಡು ದವಡೆಗಳು ಎಡಕ್ಕೂ ಬಲಕ್ಕೂ ಕತ್ತರಿಸುತ್ತಿದ್ದವು. ಅದೇ ರೀತಿ ಎಡಬಲ ಹಲ್ಲುಗಳ ಸರಪಳಿಯನ್ನು ಮಾಡಿ ಮರುವರ್ಷ ಮಾರಾಟಕ್ಕೆ ತಂದರು. ತೆಂಗಿನ ಕುರುವಾಯಿಯನ್ನು ಶಪಿಸುವ ನಮಗೆ, ದೇವರ ಸೃಷ್ಟಿಯಲ್ಲಿ ಹುಳುವಿನಿಂದಲೂ ಕಲಿಯುವುದಿದೆ ಎಂಬುದಕ್ಕೆ ಇದೊಂದು ಉದಾಹರಣೆ.

ಆ ಹಲ್ಲುಗಳು ಹರಿತವಾಗಿದ್ದರೆ ಮರದಿಂದ ಚೆಕ್ಕೆ ಹಾರುತ್ತದೆ, ಮೊಂಡಾದರೆ ನುಣ್ಣನೆಯ ಹುಡಿ ಬರುತ್ತದೆ. ಹುಡಿ ಕಂಡೊಡನೆ ನಿಲ್ಲಿಸಿ ಮಸೆಯಿರಿ. ಮೊಂಡು ಗರಗಸವನ್ನು ಒತ್ತಿ ಕೊಯ್ಯುವಾಗಲೇ ಜಾರುವುದು. ಕಬ್ಬಿಣ ಮೊಂಡಾದರೆ ಹೆಚ್ಚು ಬಲ ಬೇಕೆಂದು ಉಪದೇಶಕ ಗ್ರಂಥದ 10ನೇ ಅಧ್ಯಾಯವೂ ಎಚ್ಚರಿಸುತ್ತದೆ. ಸಣ್ಣ ಮೆಷಿನಿನ ಸರಪಳಿಗೆ ಸಾಮಾನ್ಯವಾಗಿ 4 ಮಿಲಿಮೀಟರಿನ ಉರುಟು ಅರ ಆಗುತ್ತದೆ. ನಿಮ್ಮ ಸರಪಳಿಗೆ ಯಾವುದೆಂದು ಅಂಗಡಿಯಲ್ಲೇ ಕೇಳಿ ಎರಡು ತನ್ನಿರಿ, ಮಸೆಯುವುದನ್ನೂ ಅಲ್ಲೇ ಕಲಿತು ಬನ್ನಿರಿ. ನಮ್ಮ ಮುರಕಲ್ಲಿನ ಮಣ್ಣು ಮೆತ್ತಿದ ಮರ, ತೆಂಗಿನ ಕಾಂಡ ಇವು ಹಲ್ಲನ್ನು ಬಹುಬೇಗ ತಿನ್ನುತ್ತವೆ. ತುಂಡನ್ನು ನೆಲದಲ್ಲಿಟ್ಟು ಕೊಯ್ಯದೆ ಕತ್ತರಿಗಾಲಿನ ಮೇಲಿಟ್ಟು ಕೊಯ್ದರೆ ಸರಪಳಿಯೂ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ.

ಎಣ್ಣೆ ಎರಡು ಬಗೆ. ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಎಣ್ಣೆ ಒಂದು. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ. ಸರಪಳಿಗೆ ಬೀಳುವ ಎಣ್ಣೆ ಇನ್ನೊಂದು. ಇದಕ್ಕೆ ಜೀಪು, ಟಿಲ್ಲರಿನಿಂದ ತೆಗೆದ ಕಪ್ಪು ಎಣ್ಣೆ ಹಾಕುವವರಿದ್ದಾರೆ. ಅದು ಹನಿಹನಿಯಾಗಿ ಸಿಡಿದು ಮೈಗೆ ಬೀಳುತ್ತದೆ, ತೋಟದ ಮಣ್ಣಿಗೆ ಸೇರುತ್ತದೆ. ಉರಿದ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ. ನಾಲ್ಕು ಕಾಸಿನ ಉಳಿತಾಯಕ್ಕೆ ಅದನ್ನು ಬಳಸಬೇಡಿ.

ಕೊಯ್ಯುವಾಗ, ಕೊಯ್ದ ಮೇಲೆ

ಒಬ್ಬರೇ ಗುಡ್ಡೆಗೆ ಹೋಗಿ ಕೊಯ್ಯಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಿರಲಿ, ಮಕ್ಕಳು ಹತ್ತಿರ ಬೇಡ. ಮದ್ಯ ಕುಡಿದವರ ಕೈಗೆ ಮೆಷಿನು ಕೊಡಬೇಡಿ. ಎರಡೂ ತುದಿ ಆಧಾರದ ಮೇಲಿರುವ ಮರವನ್ನು ಮೇಲಿಂದಲೇ ಪೂರ್ತಿ ಕೊಯ್ದರೆ ಬಾರ್ ಸಿಕ್ಕಿಬೀಳುತ್ತದೆ. ಮೇಲಿಂದ ಮೂರನೇ ಒಂದಂಶ ಕೊಯ್ದು ಉಳಿದದ್ದನ್ನು ಕೆಳಗಿಂದ ಕೊಯ್ಯಿರಿ. ತುದಿ ಗಾಳಿಯಲ್ಲಿ ಚಾಚಿದ ಮರಕ್ಕೆ ಇದರ ತಿರುಗುಮುರುಗು.

ಗಾಯವಾದರೆ ಕಾಫಿ ಹುಡಿ, ಅರಸಿನ ಹಾಕುತ್ತ ಹೊತ್ತು ಕಳೆಯಬೇಡಿ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಬಟ್ಟೆ ಇಟ್ಟು ಒತ್ತಿರಿ, 108ಕ್ಕೆ ಫೋನ್ ಮಾಡಿರಿ. ಬೆರಳು ತುಂಡಾದರೆ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿಡಿ. ಬೆರಳಿಗೆ ನೇರ ಐಸು ತಾಗಬಾರದು. ಸಣ್ಣ ಗಾಯವಾದರೂ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರಲ್ಲಿ ಕೇಳಿರಿ.

ಕೊಯ್ದ ಸೌದೆಯನ್ನು ಸೀಳಿ ಫೆಬ್ರವರಿಯೊಳಗೆ ಬಿಸಿಲಿಗೆ ಒಟ್ಟಿದರೆ ಮಳೆಗೆ ಮುಂಚೆ ಚೆನ್ನಾಗಿ ಒಣಗುತ್ತದೆ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರು ಆರುವ ತನಕ ಒಲೆ ಹೊಗೆಯುತ್ತದೆ, ಆ ಹೊಗೆ ಕುಡಿಯುವವರು ಮನೆಯ ಹೆಂಗಸರು. ಮೆಷಿನು ಕೊಂಡದ್ದರ ನಿಜವಾದ ಲಾಭ ಬೇಗ ಕೊಯ್ದು ಒಣ ಸೌದೆ ಉರಿಸುವುದರಲ್ಲಿದೆ.

ಕಲಿಸುವವರು ಬೇಕು

ತೆಂಗಿನ ಮರ ಹತ್ತುವ ಯಂತ್ರ ಬಂದಾಗ ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಯುವಕರಿಗೆ ತರಬೇತಿ ಆರಂಭಿಸಿದರು, ಜತೆಗೆ ವಿಮೆಯನ್ನೂ ಮಾಡಿಸಿದರು. ಯಂತ್ರ ಕೊಟ್ಟು "ಹತ್ತಿ" ಎಂದು ಸುಮ್ಮನಾಗಲಿಲ್ಲ. ಚೈನ್‌ಸಾವನ್ನು ಮಾತ್ರ ನಾವು ಅಂಗಡಿಯಿಂದ ತಂದ ದಿನವೇ ಅಂಗಳದಲ್ಲಿ ಹಗ್ಗ ಎಳೆದು ನೋಡುತ್ತೇವೆ. ಇದು ಬದಲಾಗಬೇಕು. ನಮ್ಮ ಧರ್ಮಕೇಂದ್ರದ ವಾಳೆಗಳ ಗುರಿಕಾರರಲ್ಲಿ ನಮ್ಮದೊಂದು ವಿನಂತಿ. ಈ ಬೇಸಿಗೆಯಲ್ಲಿ ಒಂದು ಭಾನುವಾರ ಪೂಜೆಯ ನಂತರ ಮೆಷಿನು ಇರುವವರನ್ನೂ ಕೊಳ್ಳಬೇಕೆಂದಿರುವವರನ್ನೂ ಒಟ್ಟು ಸೇರಿಸಿ, ಬಲ್ಲವರೊಬ್ಬರಿಂದ ಹಿಡಿಯುವ, ಮಸೆಯುವ, ನಿಲ್ಲಿಸುವ ಕ್ರಮ ತೋರಿಸಿರಿ. ಪ್ರತಿ ವಾಳೆಗೆ ಒಂದು ಜತೆ ಹೆಲ್ಮೆಟ್, ಕಾಲುಕವಚ ಇದ್ದರೆ ಬಡವರಿಗೂ ಎರವಲು ಸಿಗುತ್ತದೆ.

ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕಲಿಸಿದ್ದಾರೆ. ಆ ಆಲಯಕ್ಕೊಂದು ಬೇಲಿ ಕಟ್ಟುವ ಖರ್ಚನ್ನು ಮೆಷಿನಿನ ಬೆಲೆಯಲ್ಲೇ ಸೇರಿಸಿ ಚೀಟಿ ಬರೆಯಿರಿ. ಕೂಡಿಸಿದ ಮೊತ್ತ ಕಿಸೆಗೆ ಹೊಂದಿದರೆ ಕೊಳ್ಳಿರಿ. ಹೊಂದದಿದ್ದರೆ ಈ ವರ್ಷ ಬಾಡಿಗೆಗೆ ಕೊಯ್ಯಿಸಿ, ಮುಂದಿನ ವರ್ಷ ನೋಡೋಣ.